ರೋಗಿಯ ಮಗ್ಗುಲಲ್ಲಿ ಬೆಳೆದ ವಿಜ್ಞಾನ

ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿರುವ ರೋಗಿಯನ್ನು ವೈದ್ಯರು ದಿನಕ್ಕೆ ಒಮ್ಮೆಯೋ ಎರಡು ಬಾರಿಯೋ ಬಂದು ನೋಡುವರು. ಒಂದೊಂದು ಬಾರಿಯೂ ಅವರು ಅವನ ಬಳಿ ನಿಲ್ಲುವುದು ಕೆಲವೇ ನಿಮಿಷಗಳ ಕಾಲ. ರೋಗವಾದರೋ ವೈದ್ಯರ ಭೇಟಿಯ ಹೊತ್ತನ್ನು ನೋಡಿಕೊಂಡು ಉಲ್ಬಣಿಸುವುದಿಲ್ಲ. ನಡುರಾತ್ರಿಯಲ್ಲಿ ದೇಹದ ಒಳಗೆ ಎಲ್ಲಿಯೋ ರಕ್ತ ಸೋರತೊಡಗಬಹುದು. ಬೆಳಗಿನ ಜಾವದಲ್ಲಿ ಗಾಯದ ನಂಜು ರಕ್ತಕ್ಕೆ ಏರಬಹುದು. ಅಂತಹ ಹೊತ್ತಿನಲ್ಲಿ ರೋಗಿಯ ಬಳಿ ಇರುವವರು ದಾದಿಯರು. ಕೇಡಿನ ಮೊದಲ ಸುಳಿವನ್ನು ಅವರು ಕಂಡುಹಿಡಿದರೆ ರೋಗಿಯನ್ನು ಉಳಿಸಿಕೊಳ್ಳಲು ಕಾಲಾವಕಾಶ ದೊರೆಯುವುದು. ಅದನ್ನು ಕಾಣದೆ ಹೋದರೆ, ಅಥವಾ ಕಂಡು ಹೇಳಿದರೂ ಆ ಮಾತಿಗೆ ಬೆಲೆ ದೊರೆಯದೆ ಹೋದರೆ, ಎಷ್ಟೇ ಒಳ್ಳೆಯ ಔಷಧವಿದ್ದರೂ ಅದು ತಡವಾಗಿ ಬರುವುದು.

ದಾದಿಯ ಕೆಲಸವೆಂದರೆ ಮಾತ್ರೆ ಕೊಡುವುದು, ಸೂಜಿ ಚುಚ್ಚುವುದು, ಹಾಸಿಗೆ ಹಾಸುವುದು, ವೈದ್ಯರು ಹೇಳಿದಷ್ಟನ್ನು ಮಾಡುವುದು ಎಂದು ಅನೇಕರ ಎಣಿಕೆ. ಈ ಕೆಲಸಗಳನ್ನೆಲ್ಲ ದಾದಿಯರು ಮಾಡುವರೆಂಬುದು ನಿಜ. ಆದರೆ ಇವುಗಳ ಹಿಂದೆ, ಹೊರಗಿನವರ ಕಣ್ಣಿಗೆ ಬೀಳದ ಒಂದು ಅರಿವು ಇದೆ. ಅದು ಎಂತಹುದು? ಅದು ಹೇಗೆ ಬೆಳೆಯುವುದು? ಅಳತೆಯ ಉಪಕರಣಗಳು ಇಷ್ಟೊಂದು ಹೆಚ್ಚಿರುವ ಇಂದಿನ ದಿನಗಳಲ್ಲಿಯೂ ಅದರ ಅಗತ್ಯವಿದೆಯೆ? ಈ ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ನೋಡುವುದನ್ನು ಕಲಿಸಿದ ಮಹಿಳೆ

ರೋಗಿಯನ್ನು ಗಮನಿಸುವುದು ಒಂದು ವಿದ್ಯೆ, ಅದನ್ನು ಕಲಿಸಬಹುದು ಎಂದು ಸ್ಪಷ್ಟವಾಗಿ ಹೇಳಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಹೆಸರು ಮೊದಲು ಬರುವುದು. ೧೮೨೦ರಲ್ಲಿ ಹುಟ್ಟಿದ ಈ ಆಂಗ್ಲ ಮಹಿಳೆ ಕ್ರಿಮಿಯಾದ ಯುದ್ಧದ ಕಾಲದಲ್ಲಿ, ೧೮೫೪ರ ನವೆಂಬರಿನಲ್ಲಿ, ೩೮ ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನ್ಯದ ಆಸ್ಪತ್ರೆಗೆ ಬಂದಳು. ಆ ಯುದ್ಧದಲ್ಲಿ ಗಾಯಗಳಿಂದ ಸತ್ತ ಸೈನಿಕರಿಗಿಂತ ಭೇದಿ, ಕಾಲರಾ ಮೊದಲಾದ ಸೋಂಕುರೋಗಗಳಿಂದ ಸತ್ತವರೇ ಬಹಳ ಹೆಚ್ಚು. ಈ ಸಂಗತಿಯನ್ನು ಆಕೆ ಮುಂದೆ ಅಂಕಿ ಅಂಶಗಳಿಂದಲೂ ಚಿತ್ರಗಳಿಂದಲೂ ಸರಕಾರಕ್ಕೆ ಮನಗಾಣಿಸಿದಳು. ೧೮೫೮ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ಸದಸ್ಯೆಯನ್ನಾಗಿ ಆರಿಸಿಕೊಂಡಿತು. ಆ ಸಂಘಕ್ಕೆ ಸೇರಿದ ಮೊದಲ ಹೆಂಗಸು ಆಕೆಯೇ. ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಆರಂಭವಾಯಿತು.

೧೮೫೯ರಲ್ಲಿ ನೈಟಿಂಗೇಲಳು ಶುಶ್ರೂಷೆಯನ್ನು ಕುರಿತು ಬರೆದ ಪುಟ್ಟ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವ ರೀತಿಗೇ ಒಂದು ಅಧ್ಯಾಯ ಮೀಸಲಾಗಿದೆ. ರೋಗಿಗೆ ನಿದ್ರೆ ಚೆನ್ನಾಗಿ ಬಂದಿತೆ ಎಂದು ಕೇಳಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲವೆಂದು ಅಲ್ಲಿ ಆಕೆ ತೋರಿಸುವಳು. ಹತ್ತು ಗಂಟೆ ಮಲಗಿದರೂ ಸಾಲದೆಂಬುವನೊಬ್ಬ. ಎರಡು ಗಂಟೆ ಕಣ್ಣು ಮುಚ್ಚಿದರೆ ಸಾಕೆಂಬುವನು ಮತ್ತೊಬ್ಬ. ಎಷ್ಟು ಗಂಟೆ ನಿದ್ರೆ ಬಂದಿತು, ರಾತ್ರಿಯ ಯಾವ ಹೊತ್ತಿನಲ್ಲಿ ಬಂದಿತು ಎಂದು ಕೇಳಬೇಕು. ಕೇಳುವ ಪ್ರಶ್ನೆ ನಿಖರವಾಗಿದ್ದರೆ ಮಾತ್ರ ದೊರೆಯುವ ಉತ್ತರ ಪ್ರಯೋಜನಕ್ಕೆ ಬರುವುದು. ಇದು ಪ್ರಯೋಗಶಾಲೆಯಲ್ಲಿ ಯಾವ ವಿಜ್ಞಾನಿಯೂ ಪಾಲಿಸುವ ನಿಯಮವೇ ಅಲ್ಲವೆ?

ಅಳತೆಗಳು ಬಂದುವು

ಅದೇ ಕಾಲದಲ್ಲಿ ಅಳತೆಯ ಉಪಕರಣಗಳು ಒಂದೊಂದಾಗಿ ಆಸ್ಪತ್ರೆಗಳನ್ನು ಹೊಕ್ಕುವು. ಜರ್ಮನಿಯ ಲೈಪ್ಜಿಗ್ ನಗರದ ವೈದ್ಯ ಕಾರ್ಲ್ ವುಂಡರ್ಲಿಶ್ ಎಂಬವನು ಸುಮಾರು ೨೫,೦೦೦ ರೋಗಿಗಳ ದೇಹದ ಉಷ್ಣತೆಯನ್ನು ಗುರುತಿಸಿಟ್ಟು, ೧೮೬೮ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಆಗಿನ ಉಷ್ಣಮಾಪಕ ಬಹಳ ಉದ್ದವಾಗಿದ್ದು, ಅದರಿಂದ ಜ್ವರವನ್ನು ಅಳೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ೧೮೬೬ರ ಸುಮಾರಿಗೆ ಇಂಗ್ಲೆಂಡಿನ ಕ್ಲಿಫರ್ಡ್ ಆಲ್ಬಟ್ ಆರು ಅಂಗುಲ ಉದ್ದದ, ಐದು ನಿಮಿಷಗಳಲ್ಲಿ ಜ್ವರವನ್ನು ತೋರಿಸುವ ಥರ್ಮಾಮೀಟರನ್ನು ರೂಪಿಸಿದನು. ೧೮೯೬ರಲ್ಲಿ ಇಟಲಿಯ ರೀವಾ ರೊಚ್ಚಿ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವ ಸಾಧನವನ್ನು ತಂದನು. ೧೯೦೫ರಲ್ಲಿ ರಷ್ಯದ ಕೊರೊಟ್ಕೊಫ್, ಆ ಪಟ್ಟಿಯ ಕೆಳಗೆ ಧಮನಿಯಲ್ಲಿ ಕೇಳಿಬರುವ ಸದ್ದುಗಳಿಂದ ಮೇಲಿನ ಮತ್ತು ಕೆಳಗಿನ ಒತ್ತಡಗಳೆರಡನ್ನೂ ತಿಳಿಯುವ ಬಗೆಯನ್ನು ಕಂಡುಹಿಡಿದನು. ಮೊದಲು ವೈದ್ಯರ ಕೈಯಲ್ಲಿದ್ದ ಈ ಅಳತೆಗಳು ಕ್ರಮೇಣ ದಾದಿಯ ನಿತ್ಯದ ಕೆಲಸವಾದುವು. ಜ್ವರ, ನಾಡಿ, ಉಸಿರು, ರಕ್ತದೊತ್ತಡ ಇವುಗಳನ್ನು ಗುರುತು ಹಾಕಿದ ಪಟ್ಟಿ ರೋಗಿಯ ಮಂಚಕ್ಕೆ ತೂಗುಬಿದ್ದಿತು.

ಇಷ್ಟಾದ ಮೇಲೆ ಅಂಕಿಗಳೇ ಎಲ್ಲವನ್ನೂ ಹೇಳಬೇಕಲ್ಲ, ದಾದಿಯ ವಿವೇಚನೆಗೆ ಇನ್ನೇನು ಕೆಲಸ ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ ನಮ್ಮ ದೇಹದ ರಚನೆಯಲ್ಲಿಯೇ ಇದೆ.

ದೇಹವು ಕೇಡನ್ನು ಮರೆಮಾಡುವ ಬಗೆ

ಎಪ್ಪತ್ತು ಕಿಲೋಗ್ರಾಂ ತೂಕದ ವಯಸ್ಕನಲ್ಲಿ ಸುಮಾರು ಐದು ಲೀಟರು ರಕ್ತವಿರುವುದು. ಶಸ್ತ್ರಚಿಕಿತ್ಸೆಯಾದ ಬಳಿಕ ಅವನ ಹೊಟ್ಟೆಯೊಳಗೆ ಒಂದು ಸಣ್ಣ ರಕ್ತನಾಳದಿಂದ ರಕ್ತ ಸೋರುತ್ತಿದೆಯೆಂದು ಭಾವಿಸೋಣ. ರಕ್ತ ಕಡಿಮೆಯಾದಂತೆ ಒತ್ತಡವೂ ಇಳಿಯಬೇಕೆಂದು ನಮಗೆ ತೋರುವುದು. ಆದರೆ ಹಾಗಾಗುವುದಿಲ್ಲ. ಕತ್ತಿನ ಧಮನಿಗಳಲ್ಲಿಯೂ ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲಿಯೂ ಒತ್ತಡವನ್ನು ಗ್ರಹಿಸುವ ನರಗಳ ತುದಿಗಳು ಇವೆ. ಒತ್ತಡ ಕೊಂಚ ಇಳಿಯುತ್ತಲೇ ಇವು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುವುವು. ಕೂಡಲೆ ಹೃದಯ ವೇಗವಾಗಿ ಬಡಿಯತೊಡಗುವುದು. ಚರ್ಮ, ಕರುಳು, ಮೂತ್ರಪಿಂಡಗಳ ರಕ್ತನಾಳಗಳು ಸಂಕೋಚಗೊಳ್ಳುವುವು. ಹೀಗೆ ಉಳಿತಾಯವಾದ ರಕ್ತ ಮಿದುಳಿಗೂ ಹೃದಯಕ್ಕೂ ಹರಿಯುವುದು. ಬರಗಾಲದಲ್ಲಿ ಮನೆಯ ಯಜಮಾನನು ಬೇರೆ ಖರ್ಚುಗಳನ್ನೆಲ್ಲ ತಗ್ಗಿಸಿ ಮಕ್ಕಳ ಊಟಕ್ಕೆ ಕೊರತೆಯಾಗದಂತೆ ನೋಡಿಕೊಳ್ಳುವ ಹಾಗೆಯೇ ಇದು.

ಈ ಏರ್ಪಾಡಿನಿಂದ, ಮುಕ್ಕಾಲು ಲೀಟರಿನಷ್ಟು ರಕ್ತ ಹೋದರೂ ಆರೋಗ್ಯವಂತನಲ್ಲಿ ಅಳತೆಗೆ ಸಿಕ್ಕುವ ಬದಲಾವಣೆ ಬಹಳ ಕಡಿಮೆ. ಒಂದೂವರೆ ಲೀಟರಿನಷ್ಟು ಹೋಗುವವರೆಗೂ ಮೇಲಿನ ರಕ್ತದೊತ್ತಡ ಹೆಚ್ಚುಕಡಿಮೆ ಮೊದಲಿನಂತೆಯೇ ನಿಲ್ಲಬಹುದು. ಆಮೇಲೆ ಅದು ಇಳಿಯತೊಡಗಿದರೆ ಇಳಿತ ಬಲುಬೇಗ. ಎಂದರೆ, ಒತ್ತಡದ ಅಂಕಿ ನೆಟ್ಟಗಿದೆ ಎಂದು ನಾವು ಸುಮ್ಮನಿರುವ ಹೊತ್ತಿನಲ್ಲಿಯೇ ದೇಹ ತನ್ನ ಕೂಡಿಟ್ಟ ಹಣವನ್ನು ಖರ್ಚುಮಾಡುತ್ತಿರುವುದು.

ಹಾಗಾದರೆ ಮೊದಲ ಸುಳಿವು ಎಲ್ಲಿ ದೊರೆಯುವುದು? ಆ ಉಳಿತಾಯದ ಕ್ರಮಗಳಲ್ಲಿಯೇ ದೊರೆಯುವುದು. ಚರ್ಮಕ್ಕೆ ರಕ್ತ ಕಡಿಮೆಯಾದುದರಿಂದ ಕೈಕಾಲು ತಣ್ಣಗಾಗುವುವು, ಮುಖ ಬಿಳಿಚಿಕೊಳ್ಳುವುದು. ನಾಡಿಯ ವೇಗ ಮೆಲ್ಲಗೆ ಏರುವುದು. ಮೂತ್ರಪಿಂಡಗಳಿಗೆ ರಕ್ತ ಸಾಲದೆ ಮೂತ್ರ ಕಡಿಮೆಯಾಗುವುದು. ಅರುವತ್ತು ಕಿಲೋಗ್ರಾಂ ತೂಕದವನಲ್ಲಿ ಗಂಟೆಗೆ ೩೦ ಮಿಲಿಲೀಟರಿಗಿಂತ ಕಡಿಮೆಯಾದರೆ ಎಚ್ಚರಗೊಳ್ಳಬೇಕು. ರೋಗಿಗೆ ಬಾಯಾರಿಕೆ. ಮಲಗಿದಲ್ಲಿ ಮಲಗಲಾರ, ಹೊದಿಕೆಯನ್ನು ಎಳೆದುಕೊಳ್ಳುವನು, ತಳ್ಳುವನು. ಏನಾಗುತ್ತಿದೆ ಎಂದು ಕೇಳಿದರೆ ‘ಏಕೋ ಸರಿಯಿಲ್ಲ’ ಎನ್ನುವನು. ಬೇರೆಯವರಿಗೆ ಇದು ರೋಗಿಯ ಸಿಡುಕಾಗಿ ಕಾಣಬಹುದು. ಮುಖ ಒರೆಸಲು ಬಂದ ದಾದಿಗೆ, ಅವನ ಹಣೆಯ ಮೇಲಿನ ತಣ್ಣನೆಯ ಬೆವರೂ ಖಾಲಿಯಾಗಿರುವ ಮೂತ್ರದ ಚೀಲವೂ ಒಟ್ಟಿಗೆ ಬೇರೊಂದು ಕತೆಯನ್ನು ಹೇಳುವುವು. ಹಾಸಿಗೆ ಸರಿಪಡಿಸುವುದು, ಮೈ ಒರೆಸುವುದು ಮೊದಲಾದ ‘ಸಣ್ಣ’ ಕೆಲಸಗಳು ರೋಗಿಯನ್ನು ಪರೀಕ್ಷಿಸುವ ಸಂದರ್ಭಗಳೂ ಆಗಿರುವುದು ಹೀಗೆ.

ಉಸಿರನ್ನು ಎಣಿಸುವ ಉಪಾಯ

ಮೊದಲ ಸುಳಿವುಗಳಲ್ಲಿ ಉಸಿರಾಟದ ವೇಗಕ್ಕೆ ವಿಶೇಷ ಸ್ಥಾನವಿದೆ. ನೆಮ್ಮದಿಯಾಗಿರುವ ವಯಸ್ಕನು ನಿಮಿಷಕ್ಕೆ ೧೨ರಿಂದ ೨೦ ಸಲ ಉಸಿರಾಡುವನು. ಶ್ವಾಸಕೋಶದಲ್ಲಿ ತೊಂದರೆಯಾದರೂ, ರಕ್ತ ಕಡಿಮೆಯಾದರೂ, ನಂಜೇರಿ ಅಂಗಾಂಶಗಳಲ್ಲಿ ಆಮ್ಲ ಕೂಡಿಕೊಂಡರೂ ಉಸಿರಾಟ ವೇಗಗೊಳ್ಳುವುದು. ಏಕೆಂದರೆ ಇಂಗಾಲದ ಡೈಆಕ್ಸೈಡನ್ನು ಹೊರಕ್ಕೆ ಹಾಕಿ ರಕ್ತದ ಆಮ್ಲತೆಯನ್ನು ತಗ್ಗಿಸುವುದಕ್ಕೆ ದೇಹಕ್ಕೆ ತಿಳಿದಿರುವ ಅತಿ ಶೀಘ್ರವಾದ ಮಾರ್ಗ ಅದೇ. ರೋಗ ಯಾವುದೇ ಇರಲಿ, ಕೇಡು ಅನೇಕ ವೇಳೆ ಇಲ್ಲಿಯೇ ಮೊದಲು ತಲೆಯೆತ್ತುವುದು.

ಆದರೂ ಎಲ್ಲ ಅಳತೆಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಇದೇ. ಇದನ್ನು ಸರಿಯಾಗಿ ತಿಳಿಯಲು ಒಂದು ಪೂರ್ತಿ ನಿಮಿಷ ನಿಂತು ಎದೆಯ ಏರಿಳಿತವನ್ನು ಎಣಿಸಬೇಕು. ಅಷ್ಟು ಪುರಸೊತ್ತು ಇಲ್ಲದ ಕಡೆ ಅಂದಾಜಿನಿಂದ ೧೮ ಎಂದೋ ೨೦ ಎಂದೋ ಬರೆದುಬಿಡುವುದುಂಟು. ಇನ್ನೊಂದು ತೊಡಕು ಎಂದರೆ, ತನ್ನ ಉಸಿರನ್ನು ಯಾರೋ ಎಣಿಸುತ್ತಿರುವರೆಂದು ತಿಳಿದೊಡನೆ ರೋಗಿಯ ಉಸಿರಾಟದ ಲಯವೇ ಬದಲಾಗುವುದು. ಈ ತೊಡಕಿಗೆ ದಾದಿಯರು ಕಂಡುಕೊಂಡ ಉಪಾಯ ಸೊಗಸಾದುದು. ನಾಡಿಯನ್ನು ಎಣಿಸಿ ಮುಗಿಸಿದ ಮೇಲೂ ಮಣಿಕಟ್ಟನ್ನು ಬಿಡದೆ ಹಿಡಿದುಕೊಂಡು, ಇನ್ನೂ ನಾಡಿಯನ್ನೇ ನೋಡುತ್ತಿರುವವರಂತೆ ನಿಂತು, ಕಡೆಗಣ್ಣಿನಿಂದ ಎದೆಯ ಏರಿಳಿತವನ್ನು ಎಣಿಸುವರು. ಅಳೆಯುವ ಕ್ರಿಯೆಯಿಂದಲೇ ಅಳೆಯಬೇಕಾದ ವಸ್ತು ಬದಲಾಗದಂತೆ ಎಚ್ಚರವಹಿಸಬೇಕೆಂಬ ವಿಜ್ಞಾನದ ತತ್ತ್ವವನ್ನು ಇದಕ್ಕಿಂತ ಸರಳವಾಗಿ ಪಾಲಿಸುವುದು ಕಷ್ಟ.

ಒಂದೇ ಅಂಕಿ, ಬೇರೆ ಬೇರೆ ಅರ್ಥ

ಅಂಕಿ ದೊರೆತ ಮಾತ್ರಕ್ಕೆ ಅರ್ಥ ದೊರೆತಂತಾಗಲಿಲ್ಲ. ಇಬ್ಬರು ರೋಗಿಗಳ ನಾಡಿ ನಿಮಿಷಕ್ಕೆ ೯೬ ಇದೆಯೆನ್ನೋಣ. ಒಬ್ಬನಿಗೆ ಬೆಳಗಿನಿಂದಲೂ ಅಷ್ಟೇ ಇದೆ. ಕೊಂಚ ಜ್ವರವೂ ಇದೆ, ಶಸ್ತ್ರಚಿಕಿತ್ಸೆಯ ಭಯವೂ ಇದೆ. ಇನ್ನೊಬ್ಬನಿಗೆ ನಾಲ್ಕು ಗಂಟೆಗಳ ಹಿಂದೆ ೬೮ ಇದ್ದುದು ಏರುತ್ತ ಏರುತ್ತ ೯೬ ಆಗಿದೆ. ಎರಡನೆಯವನ ವಿಷಯದಲ್ಲಿಯೇ ಹೆಚ್ಚು ಎಚ್ಚರ ಬೇಕು. ಮೂರನೆಯ ರೋಗಿಯೊಬ್ಬನ ನಾಡಿ ೬೮ ಮಾತ್ರ. ಆದರೆ ಅವನು ಹೃದ್ರೋಗಕ್ಕಾಗಿ ನಾಡಿಯನ್ನು ನಿಧಾನಗೊಳಿಸುವ ಮಾತ್ರೆಯನ್ನು ಬಹುಕಾಲದಿಂದ ನುಂಗುತ್ತಿರುವ ಮುದುಕ. ಅವನೊಳಗೆ ರಕ್ತ ಸೋರುತ್ತಿದ್ದರೂ ಹೃದಯದ ವೇಗ ಏರಲಾರದು. ಶಾಂತವಾದ ನಾಡಿ ಅವನಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಇಂತಹ ವಂಚನೆಗಳು ಇನ್ನೂ ಹಲವು. ವೃದ್ಧರಲ್ಲಿ ತೀವ್ರವಾದ ಸೋಂಕು ಇದ್ದರೂ ಜ್ವರ ಬಾರದೆ ಇರಬಹುದು. ನೆನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ಅಜ್ಜಿ ಇಂದು ಮಗನನ್ನು ತಮ್ಮನೆಂದು ಕರೆಯುವುದೇ ಅದರ ಮೊದಲ ಲಕ್ಷಣವಾಗಬಹುದು. ಇದನ್ನು ಅರುಳುಮರುಳೆಂದು ತಳ್ಳಿಹಾಕಿದರೆ ಅಪಾಯ. ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತವಾಗುವುದುಂಟು.

ಎಲ್ಲಕ್ಕಿಂತ ಬೋಧಪ್ರದವಾದ ಉದಾಹರಣೆ ಬೆರಳ ತುದಿಗೆ ಸಿಕ್ಕಿಸುವ ಆಮ್ಲಜನಕ ಮಾಪಕದ್ದು. ೧೯೭೪ರಲ್ಲಿ ಜಪಾನಿನ ಟಾಕುವೊ ಆವೊಯಾಗಿ ಕಂಡುಹಿಡಿದ ತತ್ತ್ವದ ಮೇಲೆ ಇದು ನಿಂತಿದೆ. ಎರಡು ಬಗೆಯ ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ನಾಡಿಯೊಡನೆ ಮಿಡಿಯುವ ರಕ್ತವು ಅದನ್ನು ಎಷ್ಟೆಷ್ಟು ಹೀರಿಕೊಂಡಿತೆಂಬುದರಿಂದ ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ಲೆಕ್ಕ ಹಾಕುವರು. ಕೊರೋನಾ ಪಿಡುಗಿನ ದಿನಗಳಲ್ಲಿ ಇದನ್ನು ಮನೆಮನೆಗಳಲ್ಲಿಯೂ ಕಂಡೆವು. ಈಗ, ನೋವಿಗಾಗಿ ಮಾರ್ಫಿನ್ ಪಡೆದು, ಮೂಗಿನ ಕೊಳವೆಯಿಂದ ಆಮ್ಲಜನಕವನ್ನೂ ಪಡೆಯುತ್ತಿರುವ ರೋಗಿಯೊಬ್ಬನನ್ನು ನೋಡೋಣ. ಮಾಪಕ ಶೇಕಡಾ ೯೮ ಎಂದು ತೋರಿಸುವುದು. ರೋಗಿ ಸದ್ದಿಲ್ಲದೆ ಮಲಗಿದ್ದಾನೆ. ಮನೆಯವರು ‘ಪಾಪ, ಈಗ ನಿದ್ದೆ ಹತ್ತಿತು’ ಎಂದು ಸಮಾಧಾನಪಡುವರು. ದಾದಿ ಬಂದು ಉಸಿರನ್ನು ಎಣಿಸುವಳು: ನಿಮಿಷಕ್ಕೆ ೮. ಹೆಸರು ಹಿಡಿದು ಕರೆದರೂ ಅವನು ಏಳುವುದಿಲ್ಲ. ಮಾರ್ಫಿನ್ನು ಮಿದುಳಿನ ಉಸಿರಾಟದ ಕೇಂದ್ರವನ್ನು ಮಂಕುಗೊಳಿಸಿದೆ. ಕೊಳವೆಯಿಂದ ಬರುವ ಆಮ್ಲಜನಕದಿಂದ ಅಂಕಿ ಮೇಲೆಯೇ ನಿಂತಿದೆ. ಆದರೆ ಹೊರಹೋಗಬೇಕಾದ ಇಂಗಾಲದ ಡೈಆಕ್ಸೈಡು ರಕ್ತದಲ್ಲಿ ಕೂಡಿಕೊಂಡು ಅವನನ್ನು ಇನ್ನೂ ಆಳವಾದ ಮಂಪರಿಗೆ ತಳ್ಳುತ್ತಿದೆ. ಯಂತ್ರ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತು. ಕೇಳಬೇಕಾದ ಪ್ರಶ್ನೆ ಬೇರೆಯಾಗಿತ್ತು. ಅದನ್ನು ಕೇಳಿದವಳು ದಾದಿ.

ಈ ಅರಿವು ಬೆಳೆಯುವ ಹಂತಗಳು

ಇಂತಹ ವಿವೇಚನೆ ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನವೇ ಕೈಗೂಡುವುದಿಲ್ಲ. ಅಮೆರಿಕದ ಶುಶ್ರೂಷಾ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ ೧೯೮೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದು ಬೆಳೆಯುವ ಐದು ಹಂತಗಳನ್ನು ವಿವರಿಸಿದಳು. ಸ್ಟುವರ್ಟ್ ಮತ್ತು ಹ್ಯೂಬರ್ಟ್ ಡ್ರೈಫಸ್ ಎಂಬ ಸೋದರರು ವಿಮಾನ ಚಾಲಕರು, ಚದುರಂಗದ ಆಟಗಾರರು ಮೊದಲಾದವರು ಕೌಶಲವನ್ನು ಗಳಿಸುವ ರೀತಿಯನ್ನು ಕುರಿತು ಹೇಳಿದ್ದನ್ನು ಆಕೆ ದಾದಿಯರ ಅನುಭವಗಳಿಗೆ ಹೊಂದಿಸಿ ನೋಡಿದಳು. ಹೊಸದಾಗಿ ಬಂದವಳು ನಿಯಮವನ್ನು ಹಿಡಿದು ನಡೆಯುವಳು: ಒತ್ತಡ ಇಷ್ಟಕ್ಕಿಂತ ಇಳಿದರೆ ತಿಳಿಸಬೇಕು ಎಂದರೆ ಇಳಿದ ಮೇಲೆ ತಿಳಿಸುವಳು. ಅನುಭವ ಬಂದಂತೆ ಯಾವುದು ಮುಖ್ಯ, ಯಾವುದು ಕಾಯಬಲ್ಲುದು ಎಂಬ ತಾರತಮ್ಯ ಮೂಡುವುದು. ಕೊನೆಯ ಹಂತದ ನಿಪುಣೆಗೆ ರೋಗಿಯ ಸ್ಥಿತಿ ಬಿಡಿ ಬಿಡಿ ಅಂಶಗಳಾಗಿ ಅಲ್ಲ, ಒಂದು ಸಮಗ್ರ ಚಿತ್ರವಾಗಿ ಕಾಣುವುದು. ಚಿತ್ರದಲ್ಲಿ ಏನೋ ತಪ್ಪಿದೆ ಎಂಬುದು ಮೊದಲು ಹೊಳೆದು, ಏನು ತಪ್ಪಿದೆ ಎಂಬುದು ಆಮೇಲೆ ಹೊಳೆಯುವುದು.

ಇದು ಮಾಟವೂ ಅಲ್ಲ, ಹುಟ್ಟುಗುಣವೂ ಅಲ್ಲ. ಒಲೆಯ ಮೇಲಿನ ಹಾಲಿನ ಸದ್ದು ಬದಲಾದುದನ್ನು ಪಕ್ಕದ ಕೋಣೆಯಿಂದಲೇ ಕೇಳಿ, ಅದು ಉಕ್ಕುವ ಮುನ್ನ ಓಡಿ ಬರುವ ಗೃಹಿಣಿಯನ್ನು ನಾವೆಲ್ಲ ಕಂಡಿದ್ದೇವೆ. ಸಾವಿರ ಸಲ ಹಾಲು ಕಾಯಿಸಿದ ಕಿವಿ ಅದು. ಸಾವಿರ ರೋಗಿಗಳು ಗುಣಮುಖರಾಗುವುದನ್ನು ಕಂಡ ಕಣ್ಣಿಗೆ, ಗುಣವಾಗುವ ದಾರಿಯನ್ನು ಬಿಟ್ಟು ಸರಿದ ಒಬ್ಬನು ಬೇರೆಯಾಗಿ ಕಾಣುವುದು ಸಹಜವೇ. ಈ ವಿವೇಚನೆಯ ನಡೆಯನ್ನು ಕ್ರಿಸ್ಟೀನ್ ಟ್ಯಾನರ್ ಎಂಬಾಕೆ ೨೦೦೬ರಲ್ಲಿ ನಾಲ್ಕು ಹೆಜ್ಜೆಗಳಾಗಿ ವಿಂಗಡಿಸಿದಳು: ಗಮನಿಸುವುದು, ಅರ್ಥೈಸುವುದು, ತಕ್ಕದ್ದನ್ನು ಮಾಡುವುದು, ಮಾಡಿದುದನ್ನು ಮತ್ತೆ ವಿಮರ್ಶಿಸುವುದು. ನಾಲ್ಕನೆಯದು ಇಲ್ಲದಿದ್ದರೆ ಇಪ್ಪತ್ತು ವರ್ಷಗಳ ಅನುಭವ ಒಂದೇ ವರ್ಷದ ಅನುಭವ ಇಪ್ಪತ್ತು ಸಲ ಮರುಕಳಿಸಿದಂತೆ ಆಗುವುದು.

ಸುಳಿವುಗಳಿಗೆ ಅಂಕಗಳು

ಎಲ್ಲ ವಾರ್ಡುಗಳಲ್ಲಿಯೂ, ಎಲ್ಲ ರಾತ್ರಿಗಳಲ್ಲಿಯೂ ನಿಪುಣೆಯೇ ಇರುವಳೆಂದು ನಂಬಿ ಕುಳಿತಿರಲು ಬರುವುದಿಲ್ಲ. ೧೯೯೦ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸಿತು. ಆಸ್ಪತ್ರೆಯಲ್ಲಿಯೇ ಹೃದಯ ಸ್ತಂಭಿಸಿದ ೬೪ ರೋಗಿಗಳ ದಾಖಲೆಗಳನ್ನು ತೆಗೆದು ನೋಡಿದಾಗ, ಅವರಲ್ಲಿ ಶೇಕಡಾ ೮೪ರಷ್ಟು ಮಂದಿಯಲ್ಲಿ ಅದಕ್ಕೆ ಹಿಂದಿನ ಎಂಟು ಗಂಟೆಗಳ ಒಳಗೆ ಸ್ಥಿತಿ ಕೆಟ್ಟುದರ ಗುರುತುಗಳು ಬರೆದಿಟ್ಟಿದ್ದುವು. ‘ಹಠಾತ್ತಾದ’ ಮರಣಗಳಲ್ಲಿ ಬಹುಪಾಲು ಹಠಾತ್ತಾದುವಲ್ಲ. ಅವು ಮುನ್ಸೂಚನೆ ಕೊಟ್ಟೇ ಬಂದಿದ್ದುವು.

ಈ ಬಿಡಿ ಸುಳಿವುಗಳನ್ನು ಕೂಡಿಸಿ ನೋಡುವ ಉಪಾಯವನ್ನು ೧೯೯೭ರಲ್ಲಿ ಇಂಗ್ಲೆಂಡಿನಲ್ಲಿ ಹೂಡಿದರು. ಅದು ಬೆಳೆದು, ೨೦೧೨ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆಯ ಮೂಲಕ ರಾಷ್ಟ್ರೀಯ ಮುನ್ನೆಚ್ಚರಿಕೆಯ ಅಂಕಪಟ್ಟಿಯಾಗಿ ಹೊರಬಂದು, ೨೦೧೭ರಲ್ಲಿ ಪರಿಷ್ಕಾರಗೊಂಡಿತು. ಇದರಲ್ಲಿ ಪ್ರತಿಯೊಂದು ಅಳತೆಗೂ ಸೊನ್ನೆಯಿಂದ ಮೂರರವರೆಗೆ ಅಂಕಗಳು. ಶಸ್ತ್ರಚಿಕಿತ್ಸೆಯಾಗಿ ಎರಡು ದಿನಗಳಾದ ರೋಗಿಯೊಬ್ಬನಿಗೆ ಇದನ್ನು ಅನ್ವಯಿಸಿ ನೋಡೋಣ. ಉಸಿರು ನಿಮಿಷಕ್ಕೆ ೨೨: ಎರಡು ಅಂಕ. ನಾಡಿ ೧೦೪: ಒಂದು. ಮೇಲಿನ ರಕ್ತದೊತ್ತಡ ೧೦೮: ಒಂದು. ಆಮ್ಲಜನಕ ಶೇಕಡಾ ೯೫: ಒಂದು. ಜ್ವರ ೩೭.೮ ಡಿಗ್ರಿ ಸೆಂಟಿಗ್ರೇಡ್: ಸೊನ್ನೆ. ಎಚ್ಚರ ಸರಿಯಾಗಿದೆ, ಹೊರಗಿನ ಆಮ್ಲಜನಕ ಕೊಡುತ್ತಿಲ್ಲ: ಸೊನ್ನೆ. ಬಿಡಿಯಾಗಿ ನೋಡಿದರೆ ಇವುಗಳಲ್ಲಿ ಯಾವುದೂ ದಿಗಿಲು ಹುಟ್ಟಿಸುವಂತಹುದಲ್ಲ. ಒಟ್ಟು ಕೂಡಿಸಿದರೆ ಐದು. ಐದಾದರೆ ವೈದ್ಯರು ತ್ವರೆಯಾಗಿ ಬಂದು ನೋಡಬೇಕು. ಏಳಾದರೆ ತುರ್ತುಪರಿಸ್ಥಿತಿಯೆಂದು ಭಾವಿಸಬೇಕು. ನಿಪುಣೆಯಾದ ದಾದಿಯ ಮನಸ್ಸು ತಾನಾಗಿ ಮಾಡುವ ಸಂಕಲನವನ್ನು ಹೊಸಬಳೂ ಕಾಗದದ ಮೇಲೆ ಮಾಡಬಹುದಾಯಿತು.

ಕಳವಳವೂ ಒಂದು ಲಕ್ಷಣ

ಆದರೂ ಅಂಕಪಟ್ಟಿಗೆ ಚಳಿಯ ನಡುಕ ಕಾಣದು, ಬಿಳಿಚಿದ ಮುಖ ಕಾಣದು, ರೋಗಿಯ ಮಾತಿನಲ್ಲಿ ಅಡಗಿದ ಹೆದರಿಕೆ ಕೇಳಿಸದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ೧೯೯೦ರಲ್ಲಿ, ಕರೆದೊಡನೆ ಬರುವ ತುರ್ತು ವೈದ್ಯತಂಡವೊಂದನ್ನು ಏರ್ಪಡಿಸಿದರು. ಯಾವ ಯಾವ ಅಳತೆ ಮಿತಿಮೀರಿದರೆ ತಂಡವನ್ನು ಕರೆಯಬೇಕೆಂಬ ಪಟ್ಟಿ ಸಿದ್ಧವಾಯಿತು. ಇಂತಹ ತಂಡಗಳ ಪಟ್ಟಿಗಳಲ್ಲಿ ಅಂಕಿಯೇ ಇಲ್ಲದ ಒಂದು ಕಾರಣಕ್ಕೂ ಸ್ಥಾನ ದೊರೆಯಿತು: ರೋಗಿಯ ವಿಷಯದಲ್ಲಿ ತೀವ್ರವಾದ ಕಳವಳ ಉಂಟಾದರೆ, ಬೇರೆ ಯಾವ ಕಾರಣವೂ ಇಲ್ಲದಿದ್ದರೂ ಕರೆಯಬಹುದು. ೨೦೧೫ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಈ ಕಳವಳವನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಅದರ ಹಿಂದಿರುವ ಕುರುಹುಗಳು ಹತ್ತು ಗುಂಪುಗಳಲ್ಲಿ ಸೇರಿದುವು. ಉಸಿರಾಟದ ರೀತಿ ಬದಲಾಗುವುದು, ಚಳಿಯ ನಡುಕ, ಚಡಪಡಿಕೆ, ಹೊಸ ನೋವು, ನಿರೀಕ್ಷಿಸಿದಂತೆ ಗುಣವಾಗದಿರುವುದು, ತನಗೆ ಸರಿಯಿಲ್ಲವೆಂದು ರೋಗಿಯೇ ಹೇಳುವುದು ಇವೆಲ್ಲ ಅವುಗಳಲ್ಲಿ ಸೇರಿವೆ. ಎಂದರೆ, ಬರಿಯ ‘ಅನಿಸಿಕೆ’ ಎಂದು ತಳ್ಳಿಹಾಕಿದ್ದುದರ ಬಹುಪಾಲು ಹೆಸರಿಡದೆ ಉಳಿದಿದ್ದ ವೀಕ್ಷಣೆಯೇ ಆಗಿತ್ತು.

ಅನಿಸಿಕೆ ಯಾವಾಗಲೂ ಸರಿಯೆಂದು ಇದರ ಅರ್ಥವಲ್ಲ. ಪದೇ ಪದೇ ಗಂಟೆ ಬಾರಿಸಿ ಕರೆಯುವ ರೋಗಿಯ ದೂರನ್ನು ಬೇಸರದಿಂದ ಹಗುರವಾಗಿ ಎಣಿಸುವುದು ಮನುಷ್ಯಸ್ವಭಾವ. ಉಪಕರಣಕ್ಕೂ ಅದರದೇ ಆದ ಕುರುಡು ಉಂಟು. ೨೦೨೦ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಬೆರಳಿನ ಮಾಪಕಕ್ಕೆ ಕಾಣದೆ ಉಳಿದ ಆಮ್ಲಜನಕದ ಕೊರತೆ ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಚರ್ಮದ ಬಣ್ಣವೂ ಬೆಳಕನ್ನು ಹೀರುವುದೇ ಇದಕ್ಕೆ ಕಾರಣವೆಂದು ಭಾವಿಸಿದ್ದಾರೆ. ಶ್ಯಾಮಲವರ್ಣದವರೇ ಬಹುಮಂದಿ ಇರುವ ನಮ್ಮ ನಾಡಿನಲ್ಲಿ ಈ ಸಂಗತಿ ನೆನಪಿನಲ್ಲಿರತಕ್ಕದ್ದು. ಆದುದರಿಂದ ಕಣ್ಣು ಉಪಕರಣವನ್ನೂ, ಉಪಕರಣ ಕಣ್ಣನ್ನೂ ತಿದ್ದುತ್ತಿರಬೇಕು.

ಕಂಡುದನ್ನು ಕೇಳುವವರಿಗೆ ಮುಟ್ಟುವಂತೆ ಹೇಳುವುದೂ ಈ ವಿದ್ಯೆಯ ಒಂದು ಭಾಗ. ‘ಡಾಕ್ಟರೇ, ಹನ್ನೆರಡನೆಯ ಹಾಸಿಗೆಯವರು ಏಕೋ ಸರಿಯಿಲ್ಲ’ ಎಂದಷ್ಟೇ ಹೇಳಿದರೆ, ನಿದ್ರೆಗಣ್ಣಿನಲ್ಲಿ ಫೋನು ತೆಗೆದ ವೈದ್ಯರು ‘ಬೆಳಗ್ಗೆ ನೋಡೋಣ’ ಎಂದುಬಿಡಬಹುದು. ಈಗ ಏನಾಗಿದೆ, ಹಿಂದಿನ ವೃತ್ತಾಂತವೇನು, ತನ್ನ ಅಭಿಪ್ರಾಯದಲ್ಲಿ ಕಾರಣವೇನಿರಬಹುದು, ಈಗ ಏನಾಗಬೇಕು ಎಂಬ ನಾಲ್ಕು ಭಾಗಗಳಲ್ಲಿ ವಿಷಯವನ್ನು ತಿಳಿಸುವ ಪದ್ಧತಿಯೊಂದನ್ನು ಇಂದು ಹಲವು ದೇಶಗಳ ಆಸ್ಪತ್ರೆಗಳಲ್ಲಿ ಕಲಿಸುವರು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಕ್ರಮದಿಂದ ಇದು ಬಂದಿತು. ಮೂರನೆಯ ಮತ್ತು ನಾಲ್ಕನೆಯ ಭಾಗಗಳೇ ಇದರ ಜೀವಾಳ; ಅಲ್ಲಿ ದಾದಿ ವರದಿಗಾರಳಾಗಿ ಉಳಿಯದೆ ವಿಚಾರ ಮಾಡುವವಳಾಗಿ ಮಾತನಾಡುವಳು.

ಕಣ್ಣಿಗೆ ಕಾಣದ ಗೆಲುವು

ಶುಶ್ರೂಷೆಯ ಗೆಲುವುಗಳಲ್ಲಿ ಅನೇಕವು ಕಣ್ಣಿಗೆ ಬೀಳುವುದೇ ಇಲ್ಲ. ಏಕೆಂದರೆ ಅಲ್ಲಿ ಗೆಲುವೆಂದರೆ ಏನೂ ಆಗದಿರುವುದು. ಹಾಸಿಗೆಹುಣ್ಣು ಇದಕ್ಕೆ ನಿದರ್ಶನ. ಹೊರಳಲಾರದೆ ಮಲಗಿದವನ ಸೊಂಟ, ಹಿಮ್ಮಡಿಗಳ ಚರ್ಮ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿ, ಸಣ್ಣ ರಕ್ತನಾಳಗಳು ಮುಚ್ಚಿಹೋಗಿ, ಅಂಗಾಂಶ ಸಾಯುವುದು. ಚರ್ಮಕ್ಕೆ ಸ್ಪಿರಿಟ್ಟು, ಮುಲಾಮುಗಳನ್ನು ತಿಕ್ಕುವುದೇ ಇದಕ್ಕೆ ಪರಿಹಾರವೆಂದು ಹಿಂದೆ ನಂಬಿದ್ದರು. ಡೊರೀನ್ ನಾರ್ಟನ್ ಎಂಬ ಆಂಗ್ಲ ದಾದಿ ತನ್ನ ಸಹೋದ್ಯೋಗಿಗಳೊಡನೆ ವೃದ್ಧ ರೋಗಿಗಳನ್ನು ಅಧ್ಯಯನ ಮಾಡಿ, ೧೯೬೨ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಗೊತ್ತಾದ ಹೊತ್ತಿಗೆ ಮಗ್ಗುಲು ಬದಲಿಸಿ ಒತ್ತಡವನ್ನು ತಪ್ಪಿಸುವುದೇ ಮುಖ್ಯವೆಂದು ತೋರಿಸಿದಳು. ದೇಹಸ್ಥಿತಿ, ಮನಃಸ್ಥಿತಿ, ನಡೆದಾಟ, ಅಂಗಚಲನೆ, ಮಲಮೂತ್ರಗಳ ಹಿಡಿತ ಈ 
ಐದಕ್ಕೂ ಅಂಕ ಕೊಟ್ಟು, ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚೆಂಬುದನ್ನು ಮೊದಲೇ ತಿಳಿಯುವ ಮಾಪನವನ್ನೂ ಆಕೆ ರಚಿಸಿದಳು. ದಾದಿಯರ ಪ್ರಶ್ನೆಯನ್ನು ದಾದಿಯೇ ವಿಜ್ಞಾನದ ವಿಧಾನದಿಂದ ಬಿಡಿಸಿದುದಕ್ಕೆ ಇದು ಒಳ್ಳೆಯ ಮಾದರಿ.

ಈ ಅರಿವಿನ ಬೆಲೆ ಎಷ್ಟೆಂಬುದಕ್ಕೆ ನಮ್ಮವರೇ ಒಬ್ಬರ ಬಾಳು ಸಾಕ್ಷಿಯಾಗಿದೆ. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ೧೯೭೩ರ ನವೆಂಬರಿನಲ್ಲಿ ಕ್ರೂರವಾದ ಆಕ್ರಮಣಕ್ಕೆ ತುತ್ತಾಗಿ ಅವರ ಮಿದುಳಿಗೆ ಎಂದೂ ವಾಸಿಯಾಗದ ಹಾನಿಯಾಯಿತು. ೨೦೧೫ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ, ನಾಲ್ವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ, ಅವರನ್ನು ಅದೇ ಆಸ್ಪತ್ರೆಯ ದಾದಿಯರು ಒಂದು ತಲೆಮಾರಿನ ಅನಂತರ ಇನ್ನೊಂದು ತಲೆಮಾರಿನವರಾಗಿ, ಹಾಸಿಗೆಹುಣ್ಣು ಏಳಗೊಡದೆ ನೋಡಿಕೊಂಡರು. ೨೦೧೧ರ ತಮ್ಮ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಈ ಶುಶ್ರೂಷೆಯನ್ನು ಮೆಚ್ಚಿ ಕೊಂಡಾಡಿದರು. ಕರುಣೆಯೊಂದರಿಂದಲೇ ಇದು ಆಗತಕ್ಕದ್ದಲ್ಲ. ಪ್ರತಿದಿನವೂ ಚರ್ಮವನ್ನು ಪರೀಕ್ಷಿಸಿ, ಕೆಂಪಾದ ಜಾಗವನ್ನು ಹುಣ್ಣಾಗುವ ಮೊದಲೇ ಗುರುತಿಸುವ ಜ್ಞಾನ ಕರುಣೆಗೆ ಜೊತೆಯಾಗಬೇಕು.

ಕಣ್ಣಿಗೆ ಹೊತ್ತು ಬೇಕು

ಎಂತಹ ನಿಪುಣವಾದ ಕಣ್ಣಾದರೂ ನೋಡಲು ಹೊತ್ತು ಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ೧೬೮ ಆಸ್ಪತ್ರೆಗಳನ್ನು ಕುರಿತು ಲಿಂಡಾ ಐಕನ್ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿಗಳು ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇಕಡಾ ೭ರಷ್ಟು ಹೆಚ್ಚಾಗಿತ್ತು. ಇಂತಹ ಸಂಬಂಧ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧಪಟ್ಟಂತಾಗದು. ಆದರೆ ಉಸಿರನ್ನು ಎಣಿಸಲು ಬೇಕಾದ ಆ ಒಂದು ಪೂರ್ತಿ ನಿಮಿಷವನ್ನು ನೆನೆದರೆ, ಇವೆರಡರ ನಂಟು ಹೇಗೆ ಏರ್ಪಡುವುದೆಂದು ಊಹಿಸುವುದು ಕಷ್ಟವಲ್ಲ. ನಲವತ್ತು ರೋಗಿಗಳ ನಡುವೆ ಓಡಾಡುವ ಒಬ್ಬ ದಾದಿಗೆ ಆ ನಿಮಿಷ ಎಲ್ಲಿಂದ ಬರಬೇಕು?

ನಮ್ಮ ದೇಶದಲ್ಲಿ ೧೯೪೬ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಗೆ ಪದವಿಯ ಶಿಕ್ಷಣ ಆರಂಭವಾಯಿತು. ೧೯೪೭ರಲ್ಲಿ ಭಾರತೀಯ ಶುಶ್ರೂಷಾ ಮಂಡಳಿಯ ಕಾನೂನು ಬಂದಿತು. ಇಂದು ಹೆಂಗಸರೊಡನೆ ಗಂಡಸರೂ ಈ ವೃತ್ತಿಯನ್ನು ಕಲಿಯುತ್ತಿರುವರು. ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿಯೂ ಕೆಲವರು ಮುಂದೆ ಆ ಬಿಳಿಯ ಉಡುಪನ್ನು ತೊಡಬಹುದು. ಉಳಿದವರು ಒಂದಲ್ಲ ಒಂದು ದಿನ ಮನೆಯ ಹಿರಿಯರ ಹಾಸಿಗೆಯ ಪಕ್ಕದಲ್ಲಿ ರಾತ್ರಿ ಕುಳಿತಿರಬೇಕಾಗುವುದು. ನಿನ್ನೆಗೂ ಇಂದಿಗೂ ಏನು ವ್ಯತ್ಯಾಸವಾಗಿದೆ ಎಂದು ಗಮನಿಸುವುದು, ಕಂಡುದನ್ನು ಅಂಕಿಯೊಡನೆ ತಿಳಿಸುವುದು, ‘ಏಕೋ ಸರಿಯಿಲ್ಲ’ ಎಂದು ರೋಗಿ ಹೇಳಿದರೆ ಆ ಮಾತನ್ನು ಅಲ್ಲಗಳೆಯದಿರುವುದು ಇಷ್ಟನ್ನು ಎಲ್ಲರೂ ಕಲಿಯಬಹುದು.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ದಾದಿಯೊಬ್ಬರು ರೋಗಿಯ ಮಣಿಕಟ್ಟನ್ನು ಹಿಡಿದು ಮಾತಿಲ್ಲದೆ ನಿಂತಿರುವುದನ್ನು ಕಂಡರೆ, ಆ ಒಂದು ನಿಮಿಷ ಅವರನ್ನು ಮಾತನಾಡಿಸದಿರುವುದು ಒಳ್ಳೆಯದು. ಅವರು ಸುಮ್ಮನೆ ನಿಂತಿಲ್ಲ.